ವಾರದ ರಜೆ ಕಟ್ಟಿದ ಊರು

ಬ್ರಿಟನ್ನಿನ ಮೊದಲ ಜನಗಣತಿ ನಡೆದದ್ದು 1801ರಲ್ಲಿ. ವಾಯವ್ಯ ಇಂಗ್ಲೆಂಡಿನ ಕರಾವಳಿಯ ಬ್ಲ್ಯಾಕ್‌ಪೂಲ್ ಎಂಬ ಹಳ್ಳಿಯಲ್ಲಿ ಆಗ ಎಣಿಕೆಗೆ ಸಿಕ್ಕವರು 473 ಮಂದಿ. ಸರಿಯಾಗಿ ನೂರು ವರ್ಷದ ಮೇಲೆ, 1901ರಲ್ಲಿ, ಅದೇ ಊರಿನಲ್ಲಿ ಎಣಿಸಿದಾಗ 47 ಸಾವಿರ ದಾಟಿತ್ತು. ಗುಣಾಕಾರವೇ ಬೇಡ; ಹಳೆಯ ಸಂಖ್ಯೆಯ ಮುಂದೆ ಎರಡು ಸೊನ್ನೆ ಇಟ್ಟರೆ ಹೊಸ ಸಂಖ್ಯೆ ಸಿದ್ಧ. ನೂರು ವರ್ಷಕ್ಕೆ ನೂರು ಪಟ್ಟು! ಅಷ್ಟೇ ಅವಧಿಯಲ್ಲಿ ಇಡೀ ಇಂಗ್ಲೆಂಡಿನ ಜನಸಂಖ್ಯೆ ನಾಲ್ಕು ಪಟ್ಟು ಕೂಡ ಆಗಿರಲಿಲ್ಲ.

ಇಷ್ಟು ಬೆಳೆಯಲು ಅಲ್ಲಿ ಏನಿತ್ತು? ಕಲ್ಲಿದ್ದಲಿರಲಿಲ್ಲ, ಚಿನ್ನವಿರಲಿಲ್ಲ, ಹಡಗು ನಿಲ್ಲುವ ಬಂದರಿರಲಿಲ್ಲ, ಅರಮನೆಯಿರಲಿಲ್ಲ, ತೀರ್ಥಕ್ಷೇತ್ರವೂ ಅದಾಗಿರಲಿಲ್ಲ. ಕಡಲಿತ್ತು, ನಿಜ. ಆದರೆ ಬ್ರಿಟನ್ ದ್ವೀಪ. ಯಾವ ದಿಕ್ಕಿಗೆ ನಡೆದರೂ ಕಡಲೇ. ಮೇಲಾಗಿ ಬ್ಲ್ಯಾಕ್‌ಪೂಲಿನ ಕಡಲು ಅಂಥ ಆಕರ್ಷಣೆಯದೂ ಅಲ್ಲ. ಕಡುಬೇಸಿಗೆಯ ಜುಲೈನಲ್ಲೂ ಹಗಲಿನ ಗರಿಷ್ಠ ಉಷ್ಣತೆ ಸರಾಸರಿ 20 ಡಿಗ್ರಿಯ ಆಸುಪಾಸು. ನಮ್ಮ ಕಾರವಾರದಲ್ಲಿ ಭರತ ಇಳಿತದ ನಡುವಿನ ಅಂತರ ಹೆಚ್ಚೆಂದರೆ ಎರಡು ಮೀಟರ್. ಅಲ್ಲಿ ದೊಡ್ಡ ಭರತದ ದಿನ ಅದು ಎಂಟು ಮೀಟರ್ ಮುಟ್ಟುತ್ತದೆ. ಬೆಳಿಗ್ಗೆ ಗೋಡೆಗೆ ಬಡಿಯುತ್ತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಎಲ್ಲೋ ದೂರದಲ್ಲಿ ಗೆರೆಯಾಗಿ ಕಾಣುತ್ತದೆ. ನಡುವೆ ಒದ್ದೆ ಮರಳು, ಮೇಲೆ ಗಾಳಿ, ಆಗಾಗ ಮಳೆ.

ಇಂಥ ಕಡೆಗೆ 1930ರ ದಶಕದಲ್ಲಿ ವರ್ಷಕ್ಕೆ 70 ಲಕ್ಷ ಮಂದಿ ಬರುತ್ತಿದ್ದರು. ಬ್ರಿಟನ್ನಿನ ಜನಸಂಖ್ಯೆ ಆಗ ನಾಲ್ಕೂವರೆ ಕೋಟಿ. ತಲೆಲೆಕ್ಕದಲ್ಲಿ ದೇಶದ ಆರೇಳು ಜನರಿಗೆ ಒಬ್ಬರಂತೆ ಈ ಒಂದೇ ಊರಿಗೆ! ಊರಿನ ಕಾಯಂ ನಿವಾಸಿಗಳು ಒಂದು ಲಕ್ಷದಷ್ಟು. ಅಂದರೆ ಮನೆಯ ಕೂಸು ಮುದುಕರನ್ನೂ ಸೇರಿಸಿ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ 70 ಅತಿಥಿಗಳು. ಊರಿನ ವಿಸ್ತೀರ್ಣ ಈಗಲೂ ಸುಮಾರು 35 ಚದರ ಕಿಲೋಮೀಟರ್. ಬೆಂಗಳೂರನ್ನು ಇಪ್ಪತ್ತು ತುಂಡು ಮಾಡಿದರೆ ಒಂದು ತುಂಡಿನಷ್ಟು.

ಈ ಜನಸಾಗರದ ಮೂಲ ಹುಡುಕಲು ಕಡಲಿಗೆ ಬೆನ್ನು ಹಾಕಿ, ಪೂರ್ವಕ್ಕೆ ಹೋಗಬೇಕು.

ಊರಿಗೂರೇ ಬೀಗ

ಬ್ಲ್ಯಾಕ್‌ಪೂಲಿನಿಂದ ಮ್ಯಾಂಚೆಸ್ಟರಿಗೆ ಸುಮಾರು 80 ಕಿಲೋಮೀಟರ್. 1781ರಲ್ಲಿ ಕುದುರೆ ಗಾಡಿಯ ಸಂಚಾರ ಶುರುವಾದಾಗ ಆ ದಾರಿಗೆ ಇಡೀ ದಿನ ಬೇಕಾಗುತ್ತಿತ್ತು. ಬರುತ್ತಿದ್ದವರು ಉಳ್ಳವರು, ವೈದ್ಯರ ಸಲಹೆಯಂತೆ ಸಮುದ್ರಸ್ನಾನ ಮಾಡುವುದು, ಕಡಲ ನೀರನ್ನೇ ಔಷಧಿಯೆಂದು ಕುಡಿಯುವುದು ಅವರ ದಿನಚರಿ. ವರ್ಷಕ್ಕೆ ಕೆಲವು ನೂರು ಮಂದಿ ಬಂದರೆ ಹೆಚ್ಚು. 1846ರಲ್ಲಿ ರೈಲು ಬಂತು. ದಿನದ ದಾರಿ ಗಂಟೆಗಳಿಗೆ ಇಳಿಯಿತು.

ಆದರೆ ಹಳಿ ಹಾಕಿದ ಮಾತ್ರಕ್ಕೆ ಕೂಲಿಯವನು ರೈಲು ಹತ್ತುವುದಿಲ್ಲ. ಅವನಿಗೆ ಬಿಡುವು ಬೇಕು. ಮ್ಯಾಂಚೆಸ್ಟರ್ ಸುತ್ತಣ ಲ್ಯಾಂಕಷೈರ್ ಪ್ರಾಂತ್ಯದ ಹತ್ತಿ ಗಿರಣಿಗಳ ಊರುಗಳಲ್ಲಿ ಆ ಬಿಡುವಿಗೆ ಒಂದು ವಿಚಿತ್ರ ಏರ್ಪಾಡಿತ್ತು. ಹಿಂದೆ ಚರ್ಚಿನ ಜಾತ್ರೆಯಾಗಿದ್ದ ‘ವೇಕ್ಸ್’ ಹಬ್ಬ ಗಿರಣಿ ಬಂದ ಮೇಲೆ ‘ವೇಕ್ಸ್ ವೀಕ್’ ಆಯಿತು. ಆ ವಾರ ಊರಿನ ಎಲ್ಲ ಗಿರಣಿಗಳೂ ಒಟ್ಟಿಗೆ ಬಂದ್. ಬಾಯ್ಲರು ತಣ್ಣಗಾಗುತ್ತಿತ್ತು, ಮೆಕ್ಯಾನಿಕ್ಕುಗಳು ಒಳಗಿಳಿದು ಕರಿ ಕೆರೆಯುತ್ತಿದ್ದರು, ವರ್ಷವಿಡೀ ಹೊಗೆ ಕಾರುತ್ತಿದ್ದ ಚಿಮಣಿಗಳು ಸುಮ್ಮನಾಗುತ್ತಿದ್ದವು. ಗಿರಣಿ ನಿಂತರೆ ಊರೂ ನಿಂತಂತೆಯೇ. ಅಂಗಡಿಯವನೂ ಬೀಗ ಹಾಕಿ ಗಿರಾಕಿಗಳ ಹಿಂದೆಯೇ ರೈಲು ಹತ್ತುತ್ತಿದ್ದ.

ಓಲ್ಡ್‌ಹ್ಯಾಮ್ ಎಂಬ ಒಂದೇ ಗಿರಣಿ ಊರಿನಿಂದ 1860ರ ವೇಕ್ಸ್ ವಾರದಲ್ಲಿ ವಿಶೇಷ ರೈಲುಗಳಲ್ಲಿ ಬ್ಲ್ಯಾಕ್‌ಪೂಲಿಗೆ ಹೊರಟವರು 23 ಸಾವಿರ. ಓಲ್ಡ್‌ಹ್ಯಾಮಿನ ಜನಸಂಖ್ಯೆ ಆಗ 72 ಸಾವಿರದಷ್ಟು. ಮೂರರಲ್ಲಿ ಒಂದು ಪಾಲು ಊರು ಒಂದೇ ವಾರದಲ್ಲಿ ಎದ್ದು ಹೋಯಿತು.

ಇದಕ್ಕಿಂತ ಸೋಜಿಗದ ಸಂಗತಿಯೆಂದರೆ, ಈ ವಾರ ಎಲ್ಲ ಊರಿಗೂ ಒಂದೇ ಆಗಿರಲಿಲ್ಲ. ಒಂದೊಂದು ಊರಿನ ಹಬ್ಬ ಒಂದೊಂದು ವಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ವಾರ ಒಂದು ಊರು, ಮುಂದಿನ ವಾರ ಇನ್ನೊಂದು ಊರು ಎಂದು ಸರದಿಯ ಮೇಲೆ ಮುಚ್ಚುತ್ತಿದ್ದವು. ಕಡಲೂರಿನ ಲಾಡ್ಜಿನವಳಿಗೆ ಇದಕ್ಕಿಂತ ಒಳ್ಳೆಯ ಕ್ಯಾಲೆಂಡರ್ ಯಾರು ಮಾಡಿಕೊಟ್ಟಾರು? ಶನಿವಾರ ಬೆಳಿಗ್ಗೆ ಒಂದು ಊರಿನವರು ಹಾಸಿಗೆ ಬಿಟ್ಟೆದ್ದರೆ, ಸಂಜೆಯೊಳಗೆ ಅದೇ ಹಾಸಿಗೆಗೆ ಮತ್ತೊಂದು ಊರಿನವರು. ಮಿಕ್ಕ ಕಡಲೂರುಗಳಲ್ಲಿ ಹಬ್ಬದ ದಿನ ನೂಕುನುಗ್ಗಲಾದರೆ ಮರುದಿನ ನೊಣ ಹೊಡೆಯುವ ಸ್ಥಿತಿ. ಬ್ಲ್ಯಾಕ್‌ಪೂಲಿನಲ್ಲಿ ಸೀಸನ್ ಪೂರ್ತಿ ಮನೆ ತುಂಬಿರುತ್ತಿತ್ತು.

ರಜೆಯೇನೋ ಸಿಕ್ಕಿತು, ಆ ವಾರದ ಕೂಲಿ ಸಿಗುತ್ತಿರಲಿಲ್ಲ. 1906ರಲ್ಲಿ ಆದ ಒಪ್ಪಂದದ ಪ್ರಕಾರ ಗಿರಣಿ ಕಾರ್ಮಿಕರಿಗೆ ವರ್ಷಕ್ಕೆ ಖಾತರಿಯಾದ ರಜೆ 116½ ಗಂಟೆ. ದಿನದ ಲೆಕ್ಕವಲ್ಲ, ಗಂಟೆಯ ಲೆಕ್ಕ. ಅದರಲ್ಲೂ ಅರ್ಧ ಗಂಟೆಗೆ ಚೌಕಾಸಿ! ವಾರಕ್ಕೆ 55½ ಗಂಟೆ ದುಡಿಯುತ್ತಿದ್ದ ಕಾಲವದು. ಹಾಗಾಗಿ ಇಡೀ ವರ್ಷಕ್ಕೆ ಸಿಕ್ಕದ್ದು ಎರಡು ವಾರದ ದುಡಿಮೆಯಷ್ಟು ಬಿಡುವು, ಅದೂ ಸಂಬಳವಿಲ್ಲದೆ. ಸಂಬಳಸಹಿತ ರಜೆಯ ಕಾನೂನು ಬಂದದ್ದು 1938ರಲ್ಲಿ. ಅಲ್ಲಿಯವರೆಗೆ ಜನ ಗಿರಣಿಯಲ್ಲಿ, ಕೇರಿಯಲ್ಲಿ, ಹೆಂಡದಂಗಡಿಯಲ್ಲಿ ವಾರವಾರವೂ ಚೀಟಿ ಕಟ್ಟಿ, 51 ವಾರದ ಉಳಿತಾಯವನ್ನು 52ನೆಯ ವಾರದಲ್ಲಿ ಉಡಾಯಿಸುತ್ತಿದ್ದರು.

ಆ ಕಾಸು ಎಲ್ಲಿಂದ ಬಂತು?

ಇಲ್ಲಿ ನಮ್ಮ ಊರುಗಳೂ ಲೆಕ್ಕಕ್ಕೆ ಬರುತ್ತವೆ. ಲ್ಯಾಂಕಷೈರಿನಲ್ಲಿ ಹತ್ತಿಯ ಒಂದು ಗಿಡವೂ ಬೆಳೆಯುವುದಿಲ್ಲ. ಹತ್ತಿ ಅಮೆರಿಕದಿಂದ ಬರುತ್ತಿತ್ತು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಹಡಗುಗಳು ನಿಂತಾಗ ಮ್ಯಾಂಚೆಸ್ಟರಿನ ಗಿರಣಿ ಧಣಿಗಳು ಭೂಪಟ ಹರವಿ ಬೆರಳಿಟ್ಟ ಜಾಗಗಳಲ್ಲಿ ಧಾರವಾಡವೂ ಒಂದು. ಅಲ್ಲಿನ ಎರೆಭೂಮಿಯಲ್ಲಿ ಅಮೆರಿಕದ ತಳಿಯನ್ನು ಬೆಳೆಸುವ ಪ್ರಯತ್ನ ಆಗಲೇ ನಡೆದಿತ್ತು. ‘ಧಾರವಾಡ ಅಮೆರಿಕನ್’ ಎಂಬ ಹತ್ತಿಗೆ ಬೇಡಿಕೆ ಬಂತು. ಎತ್ತಿನ ಗಾಡಿಗಳು ಘಟ್ಟ ಇಳಿದು ಹತ್ತಿಯನ್ನು ಕುಮಟಾ ಬಂದರಿಗೆ ತಲುಪಿಸುತ್ತಿದ್ದವು. ಕುಮಟಾದಲ್ಲಿ ಬೆಳೆಯದಿದ್ದರೂ ಅಲ್ಲಿಂದ ಹಡಗೇರಿದ್ದಕ್ಕೆ ಲಿವರ್‌ಪೂಲಿನ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ದರ ಕೂಗುತ್ತಿದ್ದರು. ಕಾರವಾರವನ್ನು ಹತ್ತಿಯ ಬಂದರು ಮಾಡಬೇಕೆಂದು ಮ್ಯಾಂಚೆಸ್ಟರಿನವರು ಹಟ ಹಿಡಿದರು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಆ ಒತ್ತಡವೂ ಇತ್ತು. ಒಂದು ಜಿಲ್ಲೆಯ ಗಡಿ ಸರಿದದ್ದು ಏಳು ಸಮುದ್ರದಾಚೆಯ ಮಗ್ಗಗಳು ನಿಲ್ಲಬಾರದೆಂದು.

ಹೋದದ್ದು ಹತ್ತಿ, ತಿರುಗಿ ಬಂದದ್ದು ಬಟ್ಟೆ. ಮೊದಲ ಮಹಾಯುದ್ಧದ ಹಿಂದಿನ ವರ್ಷ, 1913ರಲ್ಲಿ, ಬ್ರಿಟನ್ ಪರದೇಶಗಳಿಗೆ ಮಾರಿದ ಹತ್ತಿ ಬಟ್ಟೆ ಸುಮಾರು 700 ಕೋಟಿ ಗಜ. ಅದರಲ್ಲಿ ಭಾರತಕ್ಕೇ ಬಂದದ್ದು 300 ಕೋಟಿ ಗಜ. ಉದ್ದಕ್ಕೆ ಹಾಸಿದರೆ 27 ಲಕ್ಷ ಕಿಲೋಮೀಟರಿಗೂ ಹೆಚ್ಚು. ಭೂಮಧ್ಯರೇಖೆಯ ಗುಂಟ ಭೂಮಿಗೆ 68 ಸುತ್ತು ಸುತ್ತಬಹುದು. ನಮ್ಮ ಅಜ್ಜ ಉಟ್ಟ ಪಂಚೆ, ಅಜ್ಜಿ ಹೊಲಿಸಿಕೊಂಡ ಕುಪ್ಪಸ, ಸಂತೆಯಲ್ಲಿ ಕೊಂಡ ಮಾಂಜರಪಾಟು ಬಟ್ಟೆ ಎಲ್ಲದರಲ್ಲೂ ಓಲ್ಡ್‌ಹ್ಯಾಮ್ ಬೋಲ್ಟನ್ನಿನ ಕೂಲಿಗಾರನ ಪಾಲಿತ್ತು, ಆ ಪಾಲಿನ ಒಂದು ಚೂರು ವೇಕ್ಸ್ ವಾರದಲ್ಲಿ ಬ್ಲ್ಯಾಕ್‌ಪೂಲಿಗೆ ಹೋಗಿ ಐಸ್‌ಕ್ರೀಮಾಗುತ್ತಿತ್ತು.

ಆರು ಪೆನ್ನಿಯ ಆಕಾಶ

ಬಂದ ಜನರಿಗೆ ಕಡಲನ್ನೇ ಎಷ್ಟು ದಿನ ತೋರಿಸಲಾದೀತು? ಅದೂ ಮಳೆಯಲ್ಲಿ! ಬ್ಲ್ಯಾಕ್‌ಪೂಲ್ ಕಡಲ ಮೇಲೆಯೇ ಕಟ್ಟತೊಡಗಿತು. ನೀರಿನೊಳಕ್ಕೆ ಚಾಚಿದ ಕಬ್ಬಿಣದ ಪಿಯರುಗಳು ಮೂರು: 1863, 1868, 1893. ಬೇರೆ ಊರುಗಳಿಗೆ ಒಂದೇ ಭಾರವಾಗಿದ್ದ ಕಾಲದಲ್ಲಿ ಇಲ್ಲಿ ಮೂರು. 1879ರಲ್ಲಿ ನಗರಸಭೆ ಪಾರ್ಲಿಮೆಂಟಿನಿಂದ ಒಂದು ಅಪರೂಪದ ಅಧಿಕಾರ ಪಡೆಯಿತು. ಮನೆಗಂದಾಯದಲ್ಲಿ ಪೌಂಡಿಗೆ ಎರಡು ಪೆನ್ನಿಯಂತೆ ವಸೂಲು ಮಾಡಿ ಊರಿನ ಜಾಹೀರಾತಿಗೆ ಖರ್ಚು ಮಾಡುವ ಅಧಿಕಾರವದು. ಪೌಂಡಿಗೆ 240 ಪೆನ್ನಿ. ಲೆಕ್ಕಕ್ಕೆ 120ರಲ್ಲಿ ಒಂದು ಪಾಲು. ಅದೇ ವರ್ಷ ಕಡಲ ದಂಡೆಯ ರಸ್ತೆಯಲ್ಲಿ ಎಂಟು ಆರ್ಕ್ ದೀಪ ಹೊತ್ತಿಸಿದರು. ಎಂಟೇ ಎಂಟು! ನೋಡಲು ಬಂದವರು ಒಂದು ಲಕ್ಷದವರೆಗೆ ಎಂದು ಅಂದಾಜು. ವಿದ್ಯುತ್ ಬೆಳಕನ್ನೇ ಕಂಡಿರದ ಗಿರಣಿ ಊರುಗಳ ಜನ ಕತ್ತಲಾಗುವುದನ್ನೇ ಕಾದು ನಿಂತಿದ್ದರು. 1885ರಲ್ಲಿ ಅಲ್ಲಿ ವಿದ್ಯುತ್ ಟ್ರಾಮ್ ಓಡಿತು. ಬ್ರಿಟನ್ನಿನ ಮಹಾನಗರಗಳಿಗಿಂತ ಮೊದಲು, ಒಂದು ಕಡಲೂರಿನಲ್ಲಿ.

1889ರಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರ ನೋಡಿ ಬಂದ ಮೇಯರ್ ಜಾನ್ ಬಿಕರ್‌ಸ್ಟಾಫ್ ತಮ್ಮ ಊರಿಗೂ ಅಂಥದ್ದೊಂದು ಬೇಕೆಂದರು. 1894ರ ಮೇ 14ರಂದು ಬ್ಲ್ಯಾಕ್‌ಪೂಲ್ ಟವರ್ ಬಾಗಿಲು ತೆರೆಯಿತು. ಎತ್ತರ 158 ಮೀಟರ್. ಐಫೆಲ್‌ನ ಹೆಚ್ಚುಕಡಿಮೆ ಅರ್ಧ. ಬುಡದ ಕಟ್ಟಡಕ್ಕೆ ಹಿಡಿದ ಇಟ್ಟಿಗೆ 50 ಲಕ್ಷ. ಒಳಗೆ ಹೋಗಲು ಆರು ಪೆನ್ನಿ, ಲಿಫ್ಟಿನಲ್ಲಿ ಮೇಲೇರಲು ಇನ್ನಾರು ಪೆನ್ನಿ, ಸರ್ಕಸ್ಸಿಗೆ ಮತ್ತಾರು. ಕೋಣೆಯೊಂದರಲ್ಲಿ ಆರೇಳು ಮಂದಿ ಮಲಗುತ್ತಿದ್ದ ಕಾರ್ಮಿಕ ಕುಟುಂಬ ಪ್ಯಾರಿಸ್ಸಿಗೆ ಹೋಗುವ ಮಾತೆಲ್ಲಿ? ಪ್ಯಾರಿಸ್ಸಿನ ಒಂದು ತುಂಡು ಆರು ಪೆನ್ನಿಗೆ ಅವರ ಎದುರಿಗೇ ಬಂದು ನಿಂತಿತು.

ಸೆಪ್ಟೆಂಬರ್ ಕಳೆದು ಚಳಿ ಶುರುವಾದರೆ ವ್ಯಾಪಾರ ಮುಗಿಯಿತು. ಅದಕ್ಕೂ ಊರು ಮದ್ದು ಹುಡುಕಿತು: ರಾತ್ರಿ ಬೇಗ ಬಂದರೆ ಬರಲಿ, ಅದನ್ನೇ ಮಾರೋಣ! 1912ರಲ್ಲಿ ರಾಜಕುಮಾರಿ ಲೂಯಿಸ್ ಬಂದಾಗ ಅಲಂಕಾರಕ್ಕೆ 10 ಸಾವಿರ ಬಲ್ಬು ಕಟ್ಟಿದ್ದರು. ಜನ ಮುಗಿಬಿದ್ದರು. ಅದೇ ಶರತ್ಕಾಲದ ದೀಪೋತ್ಸವವಾಗಿ ನಿಂತಿತು. ಇಂದು ಅದು ಹತ್ತು ಕಿಲೋಮೀಟರ್ ಉದ್ದ, ಹತ್ತು ಲಕ್ಷ ದೀಪ. ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಹೋಗಿಬಂದವರು ಅದನ್ನು ಹತ್ತರಿಂದ ಗುಣಿಸಿ, ಕೆಲವು ದಿನದ ಬದಲು ಎರಡು ತಿಂಗಳಿಗೂ ಮೇಲೆ ಎಳೆದು ಊಹಿಸಿಕೊಳ್ಳಬಹುದು.

ಇಷ್ಟು ಜನ ತಂಗುತ್ತಿದ್ದದ್ದು ದೊಡ್ಡ ಹೋಟೆಲುಗಳಲ್ಲಲ್ಲ, ಸಾಲು ಮನೆಗಳಲ್ಲಿ. ಮನೆಯೊಡತಿಯೇ ಯಜಮಾನಿ, ಅಡುಗೆಯವಳು, ಕಾವಲುಗಾರ್ತಿ ಎಲ್ಲ. ಹಳೆಯ ಪದ್ಧತಿಯಲ್ಲಿ ಅವಳು ಕೊಡುತ್ತಿದ್ದದ್ದು ಹಾಸಿಗೆ ಮಾತ್ರ. ದಿನಸಿ, ಮಾಂಸ, ಬ್ರೆಡ್ಡು ಅತಿಥಿಗಳೇ ತಂದು ಕೊಡಬೇಕು. ಅವಳು ಬೇಯಿಸಿ ಬಡಿಸುತ್ತಾಳೆ. ಮನೆಯಲ್ಲಿ ಎಂಟು ಕುಟುಂಬವಿದ್ದರೆ ಎಂಟು ಪೊಟ್ಟಣ ಆಲೂಗಡ್ಡೆ, ಎಂಟು ಪಾತ್ರೆ, ಎಂಟು ಹದ. ಅವರ ಚಹಾಪುಡಿ ಇವರಿಗೆ ಹೋದರೆ ಜಗಳ. ವಾರದ ಕೊನೆಗೆ ಬರುವ ಬಿಲ್ಲಿನಲ್ಲಿ ಬಿಸಿನೀರಿಗೆ ಬೇರೆ ಕಾಸು, ಮೇಜಿನ ಮೇಲಿಟ್ಟ ಉಪ್ಪು ಮೆಣಸಿನಪುಡಿಯ ಕುಡಿಕೆಗೂ ಬೇರೆ ಕಾಸು. ಬೆಳಗಿನ ತಿಂಡಿ ಮುಗಿದ ಮೇಲೆ ಮಳೆಯಿರಲಿ ಬಿಸಿಲಿರಲಿ ಎಲ್ಲರೂ ಹೊರಗೆ! ಮತ್ತೆ ಊಟದ ಹೊತ್ತಿಗೇ ಒಳಕ್ಕೆ. ಪಿಯರು, ಬಾಲ್‌ರೂಮು, ಸರ್ಕಸ್ಸುಗಳು ತುಂಬಿದ್ದಕ್ಕೆ ಈ ಕಟ್ಟುನಿಟ್ಟಿನ ಹೆಂಗಸರ ಉಪಕಾರವೂ ಉಂಟು.

ಊರಿಗೆ ಮರಳುವಾಗ ಕೈಯಲ್ಲೊಂದು ‘ರಾಕ್’ ಇರಲೇಬೇಕು. ಇದು ಗುಲಾಬಿ ಬಣ್ಣದ ಗಟ್ಟಿ ಸಕ್ಕರೆಯ ಕೋಲು. ಎಲ್ಲಿ ಮುರಿದರೂ ಒಳಗೆ ಬ್ಲ್ಯಾಕ್‌ಪೂಲ್ ಎಂಬ ಒಂಬತ್ತು ಇಂಗ್ಲಿಷ್ ಅಕ್ಷರ ಕಾಣುತ್ತವೆ. ಇಷ್ಟು ಪುಟ್ಟ ಅಕ್ಷರಗಳನ್ನು ಯಾರು ಬರೆದಾರು? ಯಾರೂ ಬರೆಯುವುದಿಲ್ಲ. ಕುದಿಸಿದ ಸಕ್ಕರೆ ಪಾಕ ಇನ್ನೂ ಬಿಸಿಯಾಗಿ, ಕಣಕದಂತೆ ಬಗ್ಗುತ್ತಿರುವಾಗಲೇ ಬಣ್ಣದ ಪಟ್ಟಿಗಳನ್ನು ಜೋಡಿಸಿ ದೊಡ್ಡ ದೊಡ್ಡ ಅಕ್ಷರ ಕಟ್ಟುತ್ತಾರೆ. ಚೌಕಾಕಾರದ ಅಕ್ಷರಗಳು ಮೊದಲು, ಗುಂಡಗಿನವು ಕೊನೆಗೆ. ಮೊದಲೇ ಮಾಡಿಟ್ಟರೆ ಗುಂಡಗಿನವು ಮೆತ್ತಗೆ ಕುಸಿದು ಆಕಾರ ಕೆಡುತ್ತವೆ. ಎಲ್ಲವನ್ನೂ ಸುತ್ತಿ ದಪ್ಪ ಉರುಳೆ ಮಾಡಿ, ಉರುಳಿಸುತ್ತ ಎಳೆಯುತ್ತಾರೆ. ಒಂದಡಿ ಅಡ್ಡಳತೆಯ ಉರುಳೆಯನ್ನು ಒಂದಂಗುಲಕ್ಕೆ ಇಳಿಸಿದರೆ ಉದ್ದ 144 ಪಟ್ಟು ಹೆಚ್ಚುತ್ತದೆ. ಅಕ್ಷರ ಹನ್ನೆರಡು ಪಾಲು ಕುಗ್ಗುತ್ತದೆ, ಆದರೆ ಒಂದೂ ಕಳೆದುಹೋಗುವುದಿಲ್ಲ. ಒಮ್ಮೆ ಕಟ್ಟಿದ ಹೆಸರು ನೂರಾರು ಕೋಲುಗಳಲ್ಲಿ ಮಾರಾಟಕ್ಕೆ ಸಿದ್ಧ.

ಎಣಿಸಲು ಬಂದವರು

ಸೆಂಟ್ರಲ್ ಎಂಬ ರೈಲು ನಿಲ್ದಾಣ ಟವರಿನ ಬುಡದಲ್ಲೇ ಇತ್ತು. ಅದಕ್ಕೆ 14 ಪ್ಲಾಟ್‌ಫಾರಂ. ನೆನಪಿರಲಿ, ಇದು ಎಲ್ಲಿಗೂ ಮುಂದುವರಿಯುವ ದಾರಿಯಲ್ಲ. ಹಳಿ ಮುಗಿದರೆ ಮರಳು. ಇಳಿಯುವವರು ಇಲ್ಲೇ ಇಳಿಯಬೇಕು.

ಈ ಜಾತ್ರೆಯನ್ನು ಎಣಿಸಲೆಂದೇ 1937ರ ಹೊತ್ತಿಗೆ ಒಂದು ತಂಡ ಬಂತು. ‘ಮಾಸ್ ಅಬ್ಸರ್ವೇಶನ್’ ಎಂಬ ಹೆಸರಿನಲ್ಲಿ ಸಾಮಾನ್ಯ ಜನರ ಬದುಕನ್ನು ದಾಖಲಿಸಲು ಹೊರಟಿದ್ದ ಟಾಮ್ ಹ್ಯಾರಿಸನ್ ಮತ್ತು ಸಂಗಡಿಗರು ಬೋಲ್ಟನ್ನಿನ ಗಿರಣಿ ಜನರ ಬೆನ್ನು ಹತ್ತಿ ಕಡಲಿಗೂ ಬಂದರು. ಯಾರು ಎಷ್ಟು ಹೊತ್ತು ಕಡಲನ್ನು ನೋಡಿದರು, ಯಾರು ಏನು ತಿಂದರು ಎಲ್ಲವೂ ಟಿಪ್ಪಣಿಯಾಯಿತು. ಬ್ಲ್ಯಾಕ್‌ಪೂಲ್ ಎಂದರೆ ಕಾಮಕೇಳಿಯ ಊರೆಂದು ಬೇರೆಡೆ ಗುಲ್ಲಿತ್ತಲ್ಲ, ಅದನ್ನೂ ಪರೀಕ್ಷಿಸಿಬಿಡೋಣವೆಂದು ರಾತ್ರಿ ಪಿಯರಿನ ಅಡಿಯಲ್ಲಿ, ಮರಳಿನಲ್ಲಿ ತೆವಳಿ ಜೋಡಿಗಳನ್ನು ಎಣಿಸಿದರು. ತಬ್ಬಿ ಕುಳಿತವರು ಧಾರಾಳವಾಗಿ ಸಿಕ್ಕರು. ಅದಕ್ಕಿಂತ ಮುಂದೆ ಹೋದ ಪ್ರಕರಣಗಳು ನಾಲ್ಕೇ ನಾಲ್ಕು, ಅವುಗಳಲ್ಲಿ ಒಂದು ಎಣಿಸಲು ಹೋದವನದೇ! ಲಕ್ಷಾಂತರ ಜನ ಜಮೆಯಾದ ಊರಿನಲ್ಲಿ ಪಾಪದ ಒಟ್ಟು ಮೊತ್ತ ಇಷ್ಟು.

ಎರಡನೆಯ ಮಹಾಯುದ್ಧ ಬಂದಾಗ ಸರ್ಕಾರಕ್ಕೆ ಹೊಳೆದದ್ದು ಹಾಸಿಗೆಗಳ ಲೆಕ್ಕ. ವಾಯುಪಡೆಗೆ ಸೇರಿದ ಏಳೂವರೆ ಲಕ್ಷ ಯುವಕರು ಬ್ಲ್ಯಾಕ್‌ಪೂಲಿನ ಲಾಡ್ಜಿಂಗುಗಳಲ್ಲಿ ತಂಗಿ, ಕಡಲ ದಂಡೆಯಲ್ಲಿ ಕವಾಯತು ಮಾಡಿ ಮೊದಲ ತರಬೇತಿ ಪಡೆದರು. ಊರಂಚಿನ ಕಾರ್ಖಾನೆಯಲ್ಲಿ 2,584 ವೆಲಿಂಗ್ಟನ್ ಬಾಂಬರ್ ವಿಮಾನಗಳು ತಯಾರಾದವು. ರಜೆಗಾಗಿ ಕಟ್ಟಿದ ಊರು ಒಂದು ಇಟ್ಟಿಗೆಯನ್ನೂ ಕದಲಿಸದೆ ಯುದ್ಧಕ್ಕೆ ಒದಗಿತು. 1951ರ ಗಣತಿಯಲ್ಲಿ ಊರಿನ ಜನಸಂಖ್ಯೆ ಒಂದು ಲಕ್ಷ 47 ಸಾವಿರ.

ಅಲ್ಲಿಗೆ ಶಿಖರ ಹೆಚ್ಚುಕಡಿಮೆ ಮುಟ್ಟಿದಂತೆ. ಆಮೇಲೆ ಅದು ಹೆಚ್ಚೇನೂ ಏರಲಿಲ್ಲ.

ಎರಡೂವರೆ ಗಂಟೆಯ ದೂರ

ಇಳಿಜಾರು ಮೊದಲು ಕಂಡದ್ದು ಕಡಲಲ್ಲಲ್ಲ, ಮತ್ತೆ ಗಿರಣಿಯಲ್ಲೇ. ಸ್ವದೇಶಿ ಚಳವಳಿ, ಮುಂಬಯಿ ಅಹಮದಾಬಾದುಗಳ ಗಿರಣಿಗಳು, ಜಪಾನಿನ ಪೈಪೋಟಿ ಎಲ್ಲ ಸೇರಿ ಲ್ಯಾಂಕಷೈರಿನ ಭಾರತದ ಮಾರುಕಟ್ಟೆ ಕರಗಿತ್ತು. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಬ್ಲ್ಯಾಕ್‌ಪೂಲಿನಿಂದ ದೂರವಲ್ಲದ ಡಾರ್ವೆನ್ನಿಗೆ ಹೋಗಿ, ತಮ್ಮ ಬಹಿಷ್ಕಾರದಿಂದ ಕೆಲಸ ಕಳೆದುಕೊಂಡವರನ್ನೇ ಕಂಡು ಮಾತಾಡಿದ್ದರು. ಗಿರಣಿಯ ಹೆಂಗಸರು ಅವರನ್ನು ಸುತ್ತುವರಿದು ನಗುತ್ತಿರುವ ಫೋಟೋ ಪ್ರಸಿದ್ಧ. ಲೋಕಕ್ಕೆ ಬಟ್ಟೆ ಮಾರುತ್ತಿದ್ದ ಬ್ರಿಟನ್ 1950ರ ದಶಕದ ಕೊನೆಗೆ ಮಾರಿದ್ದಕ್ಕಿಂತ ಹೆಚ್ಚು ಹತ್ತಿ ಬಟ್ಟೆ ಕೊಳ್ಳತೊಡಗಿತು. 1960, 70ರ ದಶಕಗಳಲ್ಲಿ ಲ್ಯಾಂಕಷೈರಿನಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಗಿರಣಿ ಮುಚ್ಚಿತು. ಗಿರಣಿಯೇ ಇಲ್ಲದ ಮೇಲೆ ಅದರ ರಜೆಯ ವಾರಕ್ಕೆ ಏನರ್ಥ? ಸರದಿ ತಪ್ಪಿತು. 14 ಪ್ಲಾಟ್‌ಫಾರಮ್ಮಿನ ಸೆಂಟ್ರಲ್ ನಿಲ್ದಾಣ 1964ರ ನವೆಂಬರಿನಲ್ಲಿ ಮುಚ್ಚಿ, ಆ ಜಾಗದಲ್ಲಿ ಕಾರು ನಿಲ್ಲತೊಡಗಿದವು.

ಇತ್ತ ವಿಮಾನ ಅಗ್ಗವಾಗುತ್ತಿತ್ತು. 1950ರಲ್ಲಿ ವ್ಲಾದಿಮಿರ್ ರೈಟ್ಜ್ ಎಂಬ ಉದ್ಯಮಿ ಒಂದು ವಿಮಾನವನ್ನೇ ಬಾಡಿಗೆಗೆ ಹಿಡಿದು ಲಂಡನ್ನಿನಿಂದ ಕಾರ್ಸಿಕಾ ದ್ವೀಪಕ್ಕೆ ಜನರನ್ನು ಕರೆದೊಯ್ದರು. ಪ್ರಯಾಣ, ಊಟ, ಟೆಂಟು ಎಲ್ಲ ಸೇರಿ 32 ಪೌಂಡ್ 10 ಶಿಲ್ಲಿಂಗ್. ಪ್ಯಾಕೇಜ್ ಟೂರಿನ ಯುಗ ಅಲ್ಲಿಂದ ಶುರು. ಸ್ಪೇನಿಗೆ 1960ರಲ್ಲಿ 60 ಲಕ್ಷ ವಿದೇಶಿ ಪ್ರವಾಸಿಗಳು ಬಂದರೆ, 1973ರಲ್ಲಿ ಬಂದವರು 3.4 ಕೋಟಿ. ಹದಿಮೂರು ವರ್ಷಕ್ಕೆ ಐದು ಪಟ್ಟಿಗೂ ಹೆಚ್ಚು.

ಆ ಪ್ರವಾಹದ ಒಂದು ದೊಡ್ಡ ಕವಲು ಹೋದದ್ದು ಬೆನಿಡಾರ್ಮ್ ಎಂಬ ಬೆಸ್ತರ ಊರಿಗೆ. 1950ರಲ್ಲಿ ಅಲ್ಲಿ ಮೂರು ಸಾವಿರಕ್ಕೂ ಕಡಿಮೆ ಜನ. ಗಂಡಸರು ಟ್ಯೂನಾ ಮೀನಿನ ಬಲೆಬೇಲಿ ಹಾಕುವುದರಲ್ಲಿ ನಿಸ್ಸೀಮರು. ಆ ಕಸುಬೂ ಬಿದ್ದುಹೋಗಿ 1952ರಲ್ಲಿ ಊರಿನ ಬಲೆ ಮೇಲಕ್ಕೆ ಬಂತು. ಮೇಯರ್ ಪೆದ್ರೊ ಸರಗೋಸಾ ಊರಿಗೆ ಉಳಿದಿರುವುದು ಬಿಸಿಲು, ಮರಳು ಎಂದು ಕಂಡುಕೊಂಡವರು. ಮಡಿವಂತ ಸರ್ವಾಧಿಕಾರಿ ಫ್ರಾಂಕೋ ಆಡಳಿತದಲ್ಲಿ ಬಿಕಿನಿಗೆ ಅನುಮತಿ ಕೊಟ್ಟು ಪಾದ್ರಿಗಳ ಕೆಂಗಣ್ಣಿಗೆ ಗುರಿಯಾಗಿ, ವೆಸ್ಪಾ ಸ್ಕೂಟರ್ ಹತ್ತಿ ಮ್ಯಾಡ್ರಿಡ್ಡಿಗೆ ಹೋಗಿ ಫ್ರಾಂಕೋನನ್ನೇ ಕಂಡು ಬಂದರೆಂಬ ಕಥೆಯನ್ನು ಅಲ್ಲಿ ಇಂದಿಗೂ ಹೇಳುತ್ತಾರೆ. 1956ರಲ್ಲಿ ಇಡೀ ಊರಿಗೆ ನಕ್ಷೆಯೊಂದು ತಯಾರಾಯಿತು. 1963ರಲ್ಲಿ ಕಟ್ಟಡದ ಎತ್ತರದ ಮಿತಿ ತೆಗೆದುಹಾಕಿದರು. ನಿಯಮ ಸರಳ: ಸುತ್ತ ಖಾಲಿ ನೆಲ ಬಿಡಿ, ಬೇಕಾದಷ್ಟು ಮೇಲೆ ಹೋಗಿ.

ಹೋದರು. 2002ರಲ್ಲಿ ತೆರೆದ ಗ್ರಾನ್ ಹೋಟೆಲ್ ಬಾಲಿ 186 ಮೀಟರ್, 52 ಅಂತಸ್ತು. ಬ್ಲ್ಯಾಕ್‌ಪೂಲ್ ಟವರನ್ನು ತಂದು ಪಕ್ಕದಲ್ಲಿ ನಿಲ್ಲಿಸಿದರೆ ಹೋಟೆಲಿನ ತುದಿ ಇನ್ನೂ 28 ಮೀಟರ್ ಮೇಲಿರುತ್ತದೆ. ಬ್ಲ್ಯಾಕ್‌ಪೂಲಿನವರು ಅಷ್ಟೆತ್ತರ ಕಟ್ಟಿದ್ದು ಹತ್ತಿ ನೋಡಿ ಇಳಿಯಲಿಕ್ಕೆ. ಇಲ್ಲಿ ಅಷ್ಟೆತ್ತರದಲ್ಲಿ ಮಲಗುತ್ತಾರೆ. ಊರಿನ ವಿಸ್ತೀರ್ಣ ಸುಮಾರು 38 ಚದರ ಕಿಲೋಮೀಟರ್, ಬ್ಲ್ಯಾಕ್‌ಪೂಲಿನದೇ ಅಳತೆ. ಕಾಯಂ ಜನ 70 ಸಾವಿರದ ಆಸುಪಾಸು, ಆಗಸ್ಟಿನಲ್ಲಿ ಅದರ ನಾಲ್ಕೈದು ಪಟ್ಟು. 1978ರ ಬರಗಾಲದಲ್ಲಿ ಈ ಜನರಿಗೆ ಕುಡಿಯುವ ನೀರು ಹಡಗಿನಲ್ಲಿ ಬಂತು. ಟ್ಯಾಂಕರ್ ಲಾರಿ ನೋಡಿದ್ದೇವೆ; ಕಡಲೂರಿಗೆ ಕಡಲ ಮೇಲೆ ಸಿಹಿನೀರು!

ಮ್ಯಾಂಚೆಸ್ಟರಿನಿಂದ ಅಲ್ಲಿಗೆ ಸುಮಾರು 1,700 ಕಿಲೋಮೀಟರ್. ವಿಮಾನದಲ್ಲಿ ಎರಡೂವರೆ ಗಂಟೆಯಷ್ಟು. ಕುದುರೆ ಗಾಡಿಯ ಕಾಲದಲ್ಲಿ ಇಡೀ ದಿನಕ್ಕೆ 80 ಕಿಲೋಮೀಟರ್ ದಾಟುತ್ತಿದ್ದ ಮನುಷ್ಯ ಈಗ ಮಧ್ಯಾಹ್ನದ ಊಟದೊಳಗೆ 20 ಪಟ್ಟು ದೂರ ಹೋಗಬಲ್ಲ. ಜುಲೈನಲ್ಲಿ ಅಲ್ಲಿ 20 ಡಿಗ್ರಿಯಲ್ಲ, 30. 2024ರಲ್ಲಿ ಸ್ಪೇನಿಗೆ ಬಂದ ವಿದೇಶಿಗಳು 9.38 ಕೋಟಿ; ದೇಶದ ಜನಸಂಖ್ಯೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಅವರಲ್ಲಿ ಬ್ರಿಟನ್ನಿನವರೇ 1.8 ಕೋಟಿ.

ಹೆಚ್ಚು ಜನ, ಕಡಿಮೆ ಆಯಸ್ಸು

ಹಾಗಾದರೆ ಬ್ಲ್ಯಾಕ್‌ಪೂಲಿಗೆ ಈಗ ಯಾರೂ ಬರುವುದಿಲ್ಲವೇ? ಅಚ್ಚರಿಯೆಂದರೆ ಹಿಂದೆಂದಿಗಿಂತ ಹೆಚ್ಚು ಜನ ಬರುತ್ತಾರೆ. ಇತ್ತೀಚಿನ ವರ್ಷಗಳ ಲೆಕ್ಕದಲ್ಲಿ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಭೇಟಿಗಳು. 1930ರ ದಶಕದ ಸುಮಾರು ಮೂರು ಪಟ್ಟು. ಆದರೆ ತಲೆ ಎಣಿಸಿದರೆ ಸಾಲದು, ರಾತ್ರಿಗಳನ್ನು ಎಣಿಸಬೇಕು. ಏಳು ರಾತ್ರಿ ತಂಗಿದವನು ಏಳು ಬಾಡಿಗೆ, 21 ಊಟ, ಎರಡು ನಾಟಕ, ಮೂರು ಕುಣಿತದ ಟಿಕೆಟ್ಟು, ಕುಡಿಕೆಯ ಉಪ್ಪಿನ ಕಾಸು ಎಲ್ಲ ಕೊಟ್ಟು ಹೋಗುತ್ತಿದ್ದ. ಬೆಳಿಗ್ಗೆ ಕಾರಿನಲ್ಲಿ ಬಂದು ದೀಪ ನೋಡಿ ರಾತ್ರಿಯೇ ಹೊರಡುವವನು ಬಿಟ್ಟುಹೋಗುವುದು ಒಂದು ಪಾರ್ಕಿಂಗ್ ಚೀಟಿ, ಒಂದು ಪೊಟ್ಟಣ ಮೀನು ಚಿಪ್ಸ್‌ನ ದುಡ್ಡು.

ಅತಿಥಿ ರಾತ್ರಿ ನಿಲ್ಲದಿದ್ದರೆ ಸಾವಿರಾರು ಲಾಡ್ಜಿಂಗ್ ಮನೆಗಳು ಏನು ಮಾಡಬೇಕು? ಒಂದೊಂದು ಕೋಣೆಯನ್ನೂ ಒಂದೊಂದು ಬಾಡಿಗೆ ಮನೆಯಾಗಿ ಮಾಡಿದರು. ಅಗ್ಗದ ಕೋಣೆ ಹುಡುಕಿ ಬೇರೆ ಊರುಗಳಿಂದ ಕೆಲಸವಿಲ್ಲದವರು, ಕಾಯಿಲೆಯವರು, ಸಂಸಾರ ಒಡೆದವರು ಬಂದು ತುಂಬಿಕೊಂಡರು. ಅವರ ಬಾಡಿಗೆಯನ್ನು ಸರ್ಕಾರದ ನೆರವು ತುಂಬುತ್ತದೆ. 2021ರ ಗಣತಿಯಲ್ಲಿ ಊರಿನ ಜನ ಒಂದು ಲಕ್ಷ 41 ಸಾವಿರ. ಸಂಖ್ಯೆ ಎಪ್ಪತ್ತು ವರ್ಷದಲ್ಲಿ ಹೆಚ್ಚೇನೂ ಅಲುಗಿಲ್ಲ, ಬದುಕು ಪೂರಾ ಬದಲಾಗಿದೆ. ಇಂಗ್ಲೆಂಡಿನ 32 ಸಾವಿರಕ್ಕೂ ಹೆಚ್ಚು ಪುಟ್ಟ ಬಡಾವಣೆಗಳನ್ನು ಬಡತನ, ಆರೋಗ್ಯ, ಅಪರಾಧಗಳ ಲೆಕ್ಕದಲ್ಲಿ ಅಳೆದು 2019ರಲ್ಲಿ ಪಟ್ಟಿ ಮಾಡಿದಾಗ ಕಟ್ಟಕಡೆಯ ಹತ್ತರಲ್ಲಿ ಎಂಟು ಬ್ಲ್ಯಾಕ್‌ಪೂಲಿನವು. ಪಟ್ಟಿಯ ತೀರಾ ತಳದಲ್ಲಿದ್ದ ಜೇವಿಕ್ ಕೂಡ ಪೂರ್ವ ಕರಾವಳಿಯಲ್ಲಿ ರಜೆಯ ಮನೆಗಳೆಂದೇ ಕಟ್ಟಿದ ಬಡಾವಣೆ. ಬ್ಲ್ಯಾಕ್‌ಪೂಲಿನಲ್ಲಿ ಹುಟ್ಟುವ ಗಂಡುಮಗುವಿನ ನಿರೀಕ್ಷಿತ ಆಯಸ್ಸು ಸುಮಾರು 73 ವರ್ಷ, ಇಂಗ್ಲೆಂಡಿನಲ್ಲೇ ಅತಿ ಕಡಿಮೆ. ದಕ್ಷಿಣದ ಹಾರ್ಟ್ ಎಂಬ ಸಿರಿವಂತ ಪ್ರದೇಶದಲ್ಲಿ ಅದು 83 ದಾಟುತ್ತದೆ. ಒಂದೇ ದೇಶ, ಒಂದೇ ಆರೋಗ್ಯ ಸೇವೆ, ಹತ್ತು ವರ್ಷದ ಅಂತರ. ಹಿಂದೆ ವೈದ್ಯರು ಆರೋಗ್ಯಕ್ಕೆಂದು ಕಳಿಸುತ್ತಿದ್ದ ಕಡಲತೀರಗಳು ಇಂದು ಯಾಕೆ ಇಷ್ಟು ರೋಗಗ್ರಸ್ತವಾಗಿವೆ ಎಂದು ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟ್ಟಿ 2021ರ ತಮ್ಮ ವಾರ್ಷಿಕ ವರದಿಯನ್ನೇ ಅದಕ್ಕೆ ಮೀಸಲಿಟ್ಟರು.

ಬೆನಿಡಾರ್ಮ್ ಈ ಪಾಠ ಕಲಿತಂತಿದೆ. ಅಲ್ಲಿಯ ಹೋಟೆಲುಗಳು ಚಳಿಗಾಲದಲ್ಲೂ ತೆರೆದಿರುತ್ತವೆ. ಅದಕ್ಕೆ ಹವೆಯೊಂದೇ ಕಾರಣವಲ್ಲ. 1985ರಲ್ಲಿ ಸ್ಪೇನ್ ಸರ್ಕಾರ ಪಿಂಚಣಿದಾರರಿಗೆ ಸೀಸನ್ ಇಲ್ಲದ ತಿಂಗಳುಗಳಲ್ಲಿ ಕಡಿಮೆ ಖರ್ಚಿನ ಪ್ರವಾಸ ಏರ್ಪಡಿಸಿತು. ದುಡಿಯುವವನಿಗೆ ವರ್ಷಕ್ಕೆ ಕೆಲವೇ ವಾರ ರಜೆ; ನಿವೃತ್ತನಿಗೆ 52 ವಾರವೂ ರಜೆ. ಗಿರಣಿ ಊರುಗಳ ಸರದಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮುದುಕರು ಮಾಡುತ್ತಿದ್ದಾರೆ. ಇದೂ ಶಾಶ್ವತವೆಂದು ಹೇಳುವಂತಿಲ್ಲ. ಪಿಂಚಣಿ ಕುಗ್ಗಿದರೆ, ವಿಮಾನದ ಇಂಧನ ದುಬಾರಿಯಾದರೆ, ಬೇಸಿಗೆ ಇನ್ನೂ ಏರಿದರೆ 52 ಅಂತಸ್ತಿಗೂ ಬ್ಲ್ಯಾಕ್‌ಪೂಲಿನ ಸಾಲು ಮನೆಗಳ ಗತಿ ಬರಬಹುದು.

ಹತ್ತಿ ಹೊತ್ತ ಗಾಡಿಗಳು ಇಳಿಯುತ್ತಿದ್ದ ಕುಮಟಾ ತಾಲ್ಲೂಕಿನಲ್ಲೇ ಗೋಕರ್ಣವಿದೆ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಸ್ಸು ಹತ್ತಿದವರು ಶನಿವಾರ ಬೆಳಿಗ್ಗೆ ಅಲ್ಲಿ ಇಳಿಯುತ್ತಾರೆ, ಭಾನುವಾರ ರಾತ್ರಿ ಮರಳುತ್ತಾರೆ. ಸೋಮವಾರಕ್ಕೊಂದು ಸರ್ಕಾರಿ ರಜೆ ಅಂಟಿಕೊಂಡರೆ ಕೋಣೆ ಸಿಗುವುದಿಲ್ಲ. ಕಡಲು ತಿಂಗಳೆಲ್ಲ ಅಲ್ಲೇ ಇರುತ್ತದೆ. ಊರು ತುಂಬುವುದು, ಖಾಲಿಯಾಗುವುದು ಎಲ್ಲ 480 ಕಿಲೋಮೀಟರ್ ಆಚೆಯ ಕಚೇರಿಗಳ ವೇಳಾಪಟ್ಟಿಯಂತೆ. ಬಿಡುವಿರುವವರು ಯಾರು, ಎಷ್ಟು ದಿನ, ಅಷ್ಟರೊಳಗೆ ಅವರು ಎಷ್ಟು ದೂರ ಹೋಗಿಬರಬಲ್ಲರು ಎಂಬ ಮೂರು ಸಂಖ್ಯೆಗಳು 473ನ್ನು 47 ಸಾವಿರ ಮಾಡಬಲ್ಲವು, 14 ಪ್ಲಾಟ್‌ಫಾರಮ್ಮನ್ನು ಸೊನ್ನೆಯೂ ಮಾಡಬಲ್ಲವು. ಕಡಲೂರೊಂದರ ಭವಿಷ್ಯ ತಿಳಿಯಬೇಕೆನ್ನುವವರು ಅಲೆ ಎಣಿಸಿ ಪ್ರಯೋಜನವಿಲ್ಲ. ದೂರದ ಯಾವುದೋ ಊರಿನ ಹಾಜರಿ ಪುಸ್ತಕ ತೆರೆದು ನೋಡಬೇಕು.